ಗಡಸು ನೀರಿನ ಲೆಕ್ಕ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆ ಕೊಳವೆಬಾವಿಯ ನೀರು ಗಡಸಾಗಿದ್ದರೆ ಅದು ಮೊದಲು ತಿಳಿಯುವುದು ಅಡುಗೆಮನೆಯಲ್ಲಿ. ತೊಗರಿಬೇಳೆ ಬೇಗ ಬೇಯುವುದಿಲ್ಲ, ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುತ್ತದೆ. ಬಚ್ಚಲಲ್ಲಿ ಸಾಬೂನು ನೊರೆ ಬಿಡುವುದಿಲ್ಲ. ಇದು ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಕೆಲಸ. ಆದರೆ ಎಷ್ಟು ಗಡಸು ಎಂದು ಹೇಳಲು ಅಂಕಿ ಬೇಕು. ಆ ಅಂಕಿ ಸುಲಭವಾಗಿ ಕೈಗೆ ಬರಲು ನೂರು ವರ್ಷ ಹಿಡಿಯಿತು.

1840ರ ದಶಕದಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಪ್ರಾಧ್ಯಾಪಕರಾಗಿದ್ದ ಥಾಮಸ್ ಕ್ಲಾರ್ಕ್ ಬಚ್ಚಲಿನ ಈ ಅನುಭವವನ್ನೇ ಪರೀಕ್ಷೆಯಾಗಿಸಿದರು. ನೀರಿಗೆ ಸಾಬೂನಿನ ದ್ರಾವಣವನ್ನು ಅಳೆದು ಹಾಕಿ ಕುಲುಕಬೇಕು. ನೊರೆ ನಿಲ್ಲುವವರೆಗೆ ಖರ್ಚಾದ ಸಾಬೂನೇ ಗಡಸುತನದ ಅಳತೆ. ತೊಡಕು ಇದ್ದದ್ದು ಲೆಕ್ಕದಲ್ಲಿ. ಗಡಸುತನ ಇಮ್ಮಡಿಯಾದರೆ ಸಾಬೂನು ಸರಿಯಾಗಿ ಇಮ್ಮಡಿ ಖರ್ಚಾಗುತ್ತಿರಲಿಲ್ಲ. ಪ್ರತಿ ಸಲವೂ ಕೋಷ್ಟಕ ನೋಡಬೇಕಿತ್ತು. ಮೆಗ್ನೀಸಿಯಂ ಹೆಚ್ಚಿದ್ದರೆ ನೊರೆಯೇ ಮೋಸಮಾಡುತ್ತಿತ್ತು.

ಪರಿಹಾರ ಸಿಕ್ಕಿದ್ದು ನೀರಿನ ಪರೀಕ್ಷೆಯನ್ನು ಹುಡುಕಿ ಹೊರಡದವರಿಂದ. ಸ್ವಿಟ್ಜರ್ಲೆಂಡಿನ ಗೆರೋಲ್ಡ್ ಶ್ವಾರ್ಟ್ಸೆನ್‌ಬಾಖ್ (1904–1978) ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ಮೊದಲು ಆಮ್ಲಗಳ ಬಲವನ್ನು ಅಳೆಯುತ್ತಿದ್ದರು. ಆ ಹೊತ್ತಿಗೆ ಜರ್ಮನಿಯಲ್ಲಿ ಫರ್ಡಿನಾಂಡ್ ಮುಂಜ್ ಇಡಿಟಿಎ ಎಂಬ ಆಮ್ಲವನ್ನು ತಯಾರಿಸಿದ್ದರು. ಬಟ್ಟೆಗೆ ಬಣ್ಣ ಹಾಕುವಾಗ ಅಡ್ಡಬರುವ ಕ್ಯಾಲ್ಸಿಯಂ ಅನ್ನು ಹಿಡಿದಿಡಲು ಅದು ಬಳಕೆಯಾಯಿತು. ಆ ಹಿಡಿತ ಎಷ್ಟು ಗಟ್ಟಿ ಎಂದು ಶ್ವಾರ್ಟ್ಸೆನ್‌ಬಾಖ್ 1940ರ ದಶಕದಲ್ಲಿ ಅಳೆದರು. ಒಂದು ಇಡಿಟಿಎ ಅಣು ಒಂದೇ ಲೋಹದ ಅಯಾನನ್ನು ಹಿಡಿಯುತ್ತದೆ. ಕ್ಯಾಲ್ಸಿಯಂ ಆದರೂ ಅಷ್ಟೇ, ಮೆಗ್ನೀಸಿಯಂ ಆದರೂ ಅಷ್ಟೇ. 1948ರಲ್ಲಿ ಅವರೂ ಬೀಡರ್‌ಮನ್ ಅವರೂ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಬಣ್ಣವನ್ನು ಸೂಚಕವಾಗಿ ಬಳಸಿದರು. ದ್ರಾವಣ ದ್ರಾಕ್ಷಾರಸದ ಕೆಂಪಿನಿಂದ ನೀಲಿಗೆ ತಿರುಗಿದರೆ ಟೈಟ್ರೇಶನ್ ಮುಗಿಯಿತು.

ಲೆಕ್ಕವೂ ಹಗುರಾಯಿತು. ಕ್ಯಾಲ್ಸಿಯಂ ಕಾರ್ಬೊನೇಟಿನ ಅಣುತೂಕ ಸುಮಾರು 100. ಹಾಗಾಗಿ 0.01 ಮೋಲಾರ್ ಇಡಿಟಿಎ 1 ಮಿಲಿಲೀಟರ್ ಖರ್ಚಾದರೆ 1 ಮಿಲಿಗ್ರಾಂ ಗಡಸುತನ. 50 ಮಿಲಿಲೀಟರ್ ನೀರಿಗೆ 18 ಮಿಲಿಲೀಟರ್ ಹಿಡಿಯಿತೆನ್ನಿ: 18ನ್ನು 20ರಿಂದ ಗುಣಿಸಿದರೆ ಲೀಟರಿಗೆ 360 ಮಿಲಿಗ್ರಾಂ. ಕೋಷ್ಟಕದ ಹಂಗಿಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ 200. ಬೇರೆ ಮೂಲವಿಲ್ಲದಿದ್ದರೆ 600.

ಈಗ ಪಿಯುಸಿ ವಿದ್ಯಾರ್ಥಿಯೂ ಬ್ಯೂರೆಟ್ ಹಿಡಿದು ತನ್ನೂರಿನ ಬಾವಿಯ ಅಂಕಿ ಹೇಳಬಲ್ಲ. ಒಂದು ಮಾತು ಮಾತ್ರ ನೆನಪಿರಲಿ. ಹಲ್ಲು, ಎಲುಬುಗಳನ್ನು ಕೆಡಿಸುವ ಫ್ಲೋರೈಡ್ ಈ ಪರೀಕ್ಷೆಗೆ ಕಾಣುವುದಿಲ್ಲ. ಅದಕ್ಕೆ ಬೇರೆಯದೇ ಪರೀಕ್ಷೆ ಬೇಕು, ಮತ್ತು ಬೇಳೆ ಚೆನ್ನಾಗಿ ಬೇಯುವ ನೀರಿಗೂ ಅದನ್ನು ಮಾಡಿಸಬೇಕು.