ಮೆಕೆಂಜಿಯ ನಕ್ಷೆಗಳೂ ಕನ್ನಡ ಕೈಫಿಯತ್ತುಗಳೂ

ನಮ್ಮ ಪೂರ್ವಿಕರು ನಾಡಿನ ನಕ್ಷೆ ಬರೆಯುವ ಗೊಡವೆಗೆ ಹೋಗಲಿಲ್ಲವೆಂಬ ಮಾತು ವಿದ್ವದ್ವಲಯದಲ್ಲಿ ಆಗಾಗ ಕೇಳಿಬರುತ್ತದೆ. ಇದು ಅರ್ಧಸತ್ಯ. ದತ್ತಿಭೂಮಿಯ ಎಲ್ಲೆಯನ್ನು ಹೇಳುವ ಕನ್ನಡ ಶಾಸನವೊಂದನ್ನು ಓದಿ ನೋಡಬೇಕು. ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ದಿಕ್ಕು ಹಿಡಿದು, ನೆಟ್ಟ ಕಲ್ಲು, ಹುತ್ತ, ಹಳ್ಳ, ಆಲದ ಮರಗಳನ್ನು ಎಣಿಸುತ್ತ ಅದು ಓದುಗನನ್ನು ಗಡಿಯ ಸುತ್ತ ನಡೆಸಿಕೊಂಡು ಬರುತ್ತದೆ. ನೆಲದ ಮೇಲೆ ಲಿಂಗಮುದ್ರೆಯ ಅಥವಾ ಮುಕ್ಕೊಡೆಯ ಕಲ್ಲು ಆ ಮಾತಿಗೆ ಸಾಕ್ಷಿ ನಿಲ್ಲುತ್ತದೆ. ಇದು ಗೆರೆಯಿಲ್ಲದ ನಕ್ಷೆ.

ಈ ನುಡಿಯ ನಕ್ಷೆಗೂ ಗೆರೆಯ ನಕ್ಷೆಗೂ ಅಪೂರ್ವವಾದ ಸಂಗಮವಾದದ್ದು ಕರ್ನಲ್ ಕಾಲಿನ್ ಮೆಕೆಂಜಿಯ ಕಾಲದಲ್ಲಿ. 1783ರಲ್ಲಿ ಮದರಾಸಿಗೆ ಬಂದಿಳಿದ ಈತನು ಟಿಪ್ಪುವಿನ ಪತನಾನಂತರ, 1799ರ ಬಳಿಕ, ಮೈಸೂರು ಸೀಮೆಯ ಮೋಜಣಿಯನ್ನು ವಹಿಸಿಕೊಂಡನು. ಹಂಪೆಯ ಹಾಳು ಪಟ್ಟಣದ ಮೊದಲ ಮೋಜಣಿ ನಕ್ಷೆಯನ್ನು ಸಿದ್ಧಪಡಿಸಿದವನೂ ಇವನೇ. ಬೆಟ್ಟಗಳಿಗೆ ಕುಂಚದ ಛಾಯೆ, ಕೋಟೆ ಕೆರೆಗಳಿಗೆ ಬಣ್ಣ ಕೊಟ್ಟು ಕೈಯಿಂದಲೇ ಬರೆಯುತ್ತಿದ್ದ ಅಂದಿನ ನಕ್ಷೆಗಳಲ್ಲಿ ಅಚ್ಚಿನ ಪಟಕ್ಕೆ ದೊರೆಯದ ಒಂದು ಜೀವಕಳೆಯುಂಟು. ಬರೆದವನು ಆ ನೆಲವನ್ನು ತುಳಿದು ಬಂದಿದ್ದಾನೆಂಬುದು ನೋಡಿದೊಡನೆ ತಿಳಿಯುತ್ತದೆ.

ಆದರೆ ಮೆಕೆಂಜಿಗೆ ದೇಶಭಾಷೆಗಳು ಬರುತ್ತಿರಲಿಲ್ಲ. ಇದನ್ನು ಅವನೇ ಒಪ್ಪಿಕೊಂಡಿದ್ದಾನೆ. ಗೆರೆಗೆ ಹೆಸರನ್ನೂ ಹೆಸರಿಗೆ ಕಥೆಯನ್ನೂ ಒದಗಿಸಿದವರು ಕಾವಲಿ ವೆಂಕಟ ಬೋರಯ್ಯ, ಅವನ ತಮ್ಮ ಲಕ್ಷ್ಮಯ್ಯ, ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಮೊದಲಾದವರು. ಇವರಿಗೆ ಊರಿನ ವೃತ್ತಾಂತವನ್ನು ತಿಳಿಸಿದವರಲ್ಲಿ ಕಡತಗಳನ್ನು ಕಾಪಾಡಿಕೊಂಡು ಬಂದ ಶಾನುಭೋಗರೂ ಊರ ಹಿರಿಯರೂ ಇದ್ದರು. ಹೀಗೆ ಮೂಡಿದವೇ ಕೈಫಿಯತ್ತುಗಳು.

1821ರಲ್ಲಿ ಮೆಕೆಂಜಿ ತೀರಿಕೊಂಡನು. ಮುಂದೆ ಒದಗಿದ ವಿಭಜನೆ ವಿಷಾದಕರವಾದುದು. ನಕ್ಷೆಗಳಲ್ಲಿಯೂ ಚಿತ್ರಗಳಲ್ಲಿಯೂ ಬಹುಭಾಗ ಲಂಡನ್ ಸೇರಿತು. ದಕ್ಷಿಣದ ಭಾಷೆಗಳ ಬರಹಗಳು 1828ರಲ್ಲಿ ಮದರಾಸಿಗೆ ಮರಳಿದವು. ನೋಟ ಒಂದು ಖಂಡದಲ್ಲಿ, ನುಡಿ ಇನ್ನೊಂದರಲ್ಲಿ ಉಳಿದವು. ಸಂಗ್ರಹಕ್ಕೆ ದೊರೆಯ ಹೆಸರು ನಿಂತಿತು. ಹೇಳಿದವರ ಹೆಸರುಗಳು ಓಲೆ ಕಾಗದಗಳ ನಡುವೆ ಮಸುಕಾದವು.

ಆ ಬರಹಗಳ ಕನ್ನಡ ಭಾಗ ಇಂದಿಗೂ ಈ ಚೆನ್ನೈ ನಗರದ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿದೆ. ಡಾ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಪ್ರಕಟವಾಗಿ ಪಠ್ಯವೇನೋ ನಾಡಿಗೆ ತಲುಪಿತು. ಉಳಿದಿರುವುದು ಕೈಫಿಯತ್ತನ್ನೂ ಅದರ ಸೀಮೆಯ ನಕ್ಷೆಯನ್ನೂ ಪಕ್ಕಪಕ್ಕದಲ್ಲಿಟ್ಟು ಓದುವ ಕೆಲಸ. ಹಾಗೆ ಓದಿದಾಗ ಇಂದು ಬತ್ತಿದ ಕೆರೆಗೂ ಪಾಳು ಬಿದ್ದ ಊರಿಗೂ ಹೆಸರು ಮರಳೀತು. ಹೊರನಾಡಿನಲ್ಲಿದ್ದೂ ತಾಯ್ನಾಡಿನ ನೆನಪಿನ ಒಂದು ಭಾಗಕ್ಕೆ ನೆರೆಯವರಾಗಿರುವ ನಾವು ಈ ಕೆಲಸಕ್ಕೆ ಮೊದಲು ಕೈಹಚ್ಚುವುದು ಯುಕ್ತವಲ್ಲವೆ?