ಲೀಟರಿಗೆ ಎಷ್ಟು?

ಕೆಲವು ವರ್ಷಗಳ ಹಿಂದೆ, ಏಪ್ರಿಲ್ ಬಿಸಿಲಲ್ಲಿ ಊರಿಗೆ ಹೋದಾಗ ಕಾಕಾ ನನಗೊಂದು ಕೆಲಸ ಹಚ್ಚಿದರು. "ನೀ ಕಲ್ತಾಂವ ಇದ್ದಿ. ಒಂದ್ ಅರ್ಜಿ ಬರಿ. ನಾಳಿ ಸಾಹೇಬ್ರ ಹತ್ರ ಹೋಗೋದದ."

ಸಾಹೇಬ್ರು ಅಂದರೆ ಶಾಸಕರು. ನಮ್ಮದು ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ದಂಡೆಯ ಊರು. ಬೇಸಿಗೆಯಲ್ಲಿ ಹೊಳೆ ಅಂದರೆ ಮರಳು, ನಡುನಡುವೆ ನಿಂತ ಮಡು ಅಷ್ಟೆ. ಕಾರ್ಖಾನೆಗಳು ಹೊಳೆ ನೀರಿಗೆ ಕೊಡುವ ದರ ಹೆಚ್ಚಿಸಬೇಕು, ಆ ದುಡ್ಡಿನಲ್ಲಿ ದಂಡೆಯ ಊರುಗಳಿಗೆ ಕುಡಿಯುವ ನೀರು ಕೊಡಬೇಕು ಅಂತ ಬರೆದೆ. ಭಾಷೆ ಚೆನ್ನಾಗೇ ಇತ್ತು ಅಂತ ಈಗಲೂ ಅನ್ನಿಸುತ್ತೆ. ಮರುದಿನ ಹನ್ನೊಂದು ಜನ ಹೋದೆವು, ಶಾಲು ಹಾರ ಹಿಡಕೊಂಡು. ನಮಗಿಂತ ಮುಂಚೆ ಒಳಗೆ ಹೋದ ಮೂವರ ಕೈಯಲ್ಲಿ ಹಾರ ಇರಲಿಲ್ಲ, ಫೈಲಿತ್ತು. ಅವರೂ ನೀರಿನ ದರಕ್ಕೇ ಬಂದಿದ್ದರು ಅಂತ ಆಮೇಲೆ ಗೊತ್ತಾಯ್ತು. ದರ ಇಳಿಸಿ ಅನ್ನೋದಕ್ಕೆ.

ಶಾಸಕರು ನಮ್ಮ ಅರ್ಜಿ ಪೂರಾ ಓದಿದರು. ತಲೆ ಎತ್ತಿ ಒಂದೇ ಪ್ರಶ್ನೆ ಕೇಳಿದರು: "ಹೆಚ್ಚು ಮಾಡ್ರಿ ಅಂತೀರಿ. ಎಷ್ಟ್ ಇರ್ಬೇಕಂತೀರಿ?"

ಹನ್ನೊಂದು ಜನ ಒಬ್ಬರ ಮುಖ ಒಬ್ಬರು ನೋಡಿದೆವು. ಆಫೀಸಿನಲ್ಲಿ ಯಾರಾದರೂ ನಂಬರೇ ಇಲ್ಲದ ರಿಕ್ವೈರ್‌ಮೆಂಟ್ ತಂದರೆ ವಾಪಸ್ ಕಳಿಸುವ ನಾನು ಅವತ್ತು ನೆಲ ನೋಡ್ತಾ ನಿಂತಿದ್ದೆ. ಅರ್ಜಿ ಪಿಎ ಕೈಗೆ ಹೋಯ್ತು. ನಾವು ಚಹಾ ಕುಡಿದು ಬಂದೆವು.

ಆ ಪ್ರಶ್ನೆಗೆ ಉತ್ತರ ಹುಡುಕಲು ಕೂತಾಗ ಸಿಕ್ಕಿದ್ದು ಈ ಇತಿಹಾಸ.

ಮೊದಲು ನೀರಿನ ದಾರಿ ನೋಡೋಣ. ಚಿಂಚೋಳಿ ಕಾಡಿನ ಸರನಾಲಾ ಹಳ್ಳಕ್ಕೆ ಚಂದ್ರಂಪಳ್ಳಿಯಲ್ಲಿ ಅಣೆಕಟ್ಟು ಇದೆ. ಅಲ್ಲಿಂದ ಇಳಿದ ನೀರು ಮುಲ್ಲಾಮಾರಿಗೆ, ಮುಲ್ಲಾಮಾರಿ ಕಾಗಿಣಾಕ್ಕೆ. ಕಾಗಿಣಾ ಮಳಖೇಡದ ಕೋಟೆ ಪಕ್ಕದಲ್ಲೇ ಹಾದು (ನೃಪತುಂಗನ ರಾಜಧಾನಿ ಕುಡಿದದ್ದೂ ಇದೇ ನೀರು) ಶಹಾಬಾದ್ ಹತ್ತಿರ ಹೊನಗುಂಟಾದಲ್ಲಿ ಭೀಮೆಯನ್ನು ಸೇರುತ್ತೆ. ಇದೇ ಪಟ್ಟಿಯ ಅಡಿಯಲ್ಲಿ ಸುಣ್ಣದ ಕಲ್ಲು. ನಮ್ಮ ಮನೆಗಳ ಫರಸಿಯೂ ಅದೇ, ಸಿಮೆಂಟೂ ಅದೇ.

ಕಲ್ಲಿತ್ತು, ನೀರಿತ್ತು. 1871ರಲ್ಲಿ ಮುಂಬೈ-ಮದ್ರಾಸ್ ರೈಲು ಈ ದಾರಿಯಲ್ಲಿ ಕೂಡಿತು. 1874ಕ್ಕೆ ವಾಡಿಯಿಂದ ನಿಜಾಮರ ಸಿಕಂದರಾಬಾದಿಗೆ ಹಳಿ ಬಿತ್ತು. 1920ರ ದಶಕದಲ್ಲಿ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಬಂತು. 1936ರಲ್ಲಿ ಹಲವು ಕಂಪನಿಗಳು ಕೂಡಿ ಎಸಿಸಿ ಆದಾಗ ಅದೂ ಅದರೊಳಗೆ ಸೇರಿತು. 1968ರಲ್ಲಿ ವಾಡಿಯ ಕಾರ್ಖಾನೆ, ಎಂಬತ್ತರ ದಶಕದಲ್ಲಿ ಮಳಖೇಡ ಮತ್ತು ಸೇಡಂ, ಆಮೇಲೆ ಚಿತ್ತಾಪುರ, ಚಿಂಚೋಳಿ ಕಡೆಗೂ.

ಹಳೇ ಕಾಲದ ಸಿಮೆಂಟ್ ಮಾಡುತ್ತಿದ್ದದ್ದು 'ಒದ್ದೆ ವಿಧಾನ'ದಲ್ಲಿ. ಕಲ್ಲಿನ ಪುಡಿಗೆ ನೀರು ಬೆರೆಸಿ ರಾಡಿ ಮಾಡೋದು, ಅದರಲ್ಲಿ ಸುಮಾರು ಮೂರನೇ ಒಂದು ಪಾಲು ನೀರೇ. ಆ ನೀರನ್ನು ಭಟ್ಟಿಯಲ್ಲಿ ಕಲ್ಲಿದ್ದಲು ಸುಟ್ಟು ಆವಿ ಮಾಡೋದು. ಎಪ್ಪತ್ತರ ದಶಕದಿಂದ ಈಚೆಗೆ ಒಣ ವಿಧಾನ ಬಂತು. ಬಂದದ್ದು ನೀರು ಉಳಿಸಲಿಕ್ಕೆ ಅಲ್ಲ, ಇಂಧನ ತುಟ್ಟಿ ಆಯ್ತು ಅಂತ. ನೀರಿನ ದರ ಯಾರ ಲೆಕ್ಕದಲ್ಲೂ ಇರಲೇ ಇಲ್ಲ.

ರೈತನ ನೀರಿನ ದರ ಮಾತ್ರ ಯಾವಾಗಲೂ ಲೆಕ್ಕದಲ್ಲಿತ್ತು. ಅದು ಎಕರೆ ಲೆಕ್ಕ, ಜೊತೆಗೆ ಅಭಿವೃದ್ಧಿ ಕರ. ಮಲಪ್ರಭಾ ಕಾಲುವೆಯಲ್ಲಿ ನೀರು ಸರಿಯಾಗಿ ಬರುವ ಮುಂಚೆಯೇ ಕರದ ನೋಟಿಸು ಬಂದಾಗ ನರಗುಂದ, ನವಲಗುಂದದ ರೈತರು ಎದ್ದರು. 1980ರ ಜುಲೈ 21ರಂದು ಗೋಲಿಬಾರ್ ಆಯ್ತು, ರೈತರು ಸತ್ತರು. ರಾಜ್ಯ ರೈತ ಸಂಘ ಹುಟ್ಟಿದ್ದು, 1983ರಲ್ಲಿ ಗುಂಡೂರಾಯರ ಸರ್ಕಾರ ಬಿದ್ದದ್ದು ಇದರ ಬೆನ್ನಿಗೇ.

ಕಾರ್ಖಾನೆ ನೀರಿನ ಕಾಗದಪತ್ರ ಬೇರೆಯೇ ಥರ ಇದೆ. 1977ರಲ್ಲಿ ಕೇಂದ್ರ ಸರ್ಕಾರ ಜಲ ಸೆಸ್ ಕಾಯ್ದೆ ತಂತು. 2003ರಲ್ಲಿ ದರ ಏರಿಸಿದ ಮೇಲೂ ಯಂತ್ರ ತಂಪು ಮಾಡಲು, ಗಣಿಯ ಗುಂಡಿಗಳಲ್ಲಿ ಸಿಂಪಡಿಸಲು ಬಳಸುವ ನೀರಿಗೆ ಇದ್ದ ಸೆಸ್ ಸಾವಿರ ಲೀಟರಿಗೆ ಐದು ಪೈಸೆ. ನಿಯಮ ಪಾಲಿಸದಿದ್ದರೆ ಹತ್ತು. ಇದು ನೀರಿನ ಬೆಲೆಯಲ್ಲ, ಬರೀ ಸೆಸ್. ರಾಜ್ಯದ ನೀರಿನ ದರ ಬೇರೆ ಇದೆ. ಜಿಎಸ್‌ಟಿ ಬಂದಾಗ, 2017ರ ಜುಲೈ 1ರಿಂದ, ಆ ಐದು ಪೈಸೆಯೂ ಹೋಯ್ತು.

ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು ಸಾಲು. ಕೃಷ್ಣಾ ಕಣಿವೆಯ ಬಚಾವತ್ ನ್ಯಾಯಮಂಡಳಿ 1976ರ ಅಂತಿಮ ಆದೇಶದಲ್ಲಿ ಭೀಮೆಯ ಮುಖ್ಯ ಹರಿವಿನಿಂದ ಕರ್ನಾಟಕ 15 ಟಿಎಂಸಿಗಿಂತ ಹೆಚ್ಚು ಬಳಸಬಾರದು ಅಂತ ಕಟ್ಟು ಹಾಕಿತು. ಅದೇ ಆದೇಶದಲ್ಲಿ ಬಳಕೆಯನ್ನು ಎಣಿಸುವ ರೀತಿಯೂ ಇದೆ. ನೀರಾವರಿಗೆ ಎತ್ತಿದ ನೀರು ಪೂರಾ ನೂರಕ್ಕೆ ನೂರು ಖರ್ಚು. ಊರಿನ ಕುಡಿಯುವ ನೀರು ನೂರಕ್ಕೆ 20. ಕೈಗಾರಿಕೆಗೆ ಎತ್ತಿದ್ದು ನೂರಕ್ಕೆ ಬರೀ ಎರಡೂವರೆ! ಉಳಿದದ್ದು ಹೊಳೆಗೆ ವಾಪಸ್ ಬರುತ್ತೆ ಅನ್ನುವ ಲೆಕ್ಕ. ಆದರೆ ಇವತ್ತಿನ ಕಾರ್ಖಾನೆಗಳಿಗೆ ಹೊರಗೆ ಒಂದು ಹನಿ ಬಿಡಬೇಡಿ ಅಂತ ಷರತ್ತು ಹಾಕುತ್ತಾರೆ. ಅದು ಒಳ್ಳೆಯದೇ, ಹೊಲಸು ನೀರು ಹೊಳೆಗೆ ಬರುವುದಿಲ್ಲ. ಆದರೆ ಹಾಗೆ ಎತ್ತಿದ ನೀರೂ ವಾಪಸ್ ಬರುವುದಿಲ್ಲವಲ್ಲ, ಅದು ಎರಡೂವರೆ ಹೇಗಾಯ್ತು?

ಆಗ ಬಗ್ ಎಲ್ಲಿದೆ ಅಂತ ಹೊಳೆಯಿತು. ರೈತನಿಗೆ ನೀರು ಎಕರೆಯಲ್ಲಿ. ಮನೆಗೆ ತಿಂಗಳಿನಲ್ಲಿ. ಕಾರ್ಖಾನೆಗೆ ಎಂಸಿಎಫ್‌ಟಿ, ಅಂದರೆ ಹತ್ತು ಲಕ್ಷ ಘನ ಅಡಿಯಲ್ಲಿ. ನಮ್ಮ ಊರಿನ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನು. ನಾಲ್ಕು ಮಂದಿ ನಾಲ್ಕು ಮಾಪಿನಲ್ಲಿ ಕೊಳ್ಳುವಾಗ ಯಾರದ್ದು ತುಟ್ಟಿ ಅಂತ ಜಗಳ ಆಡಲಿಕ್ಕೂ ಬರೋದಿಲ್ಲ.

ಒಂದು ಎಂಸಿಎಫ್‌ಟಿ ಅಂದರೆ 2 ಕೋಟಿ 83 ಲಕ್ಷ ಲೀಟರ್. ಸರ್ಕಾರ ಅದಕ್ಕೆ ಒಂದು ಲಕ್ಷ ರೂಪಾಯಿ ಹಚ್ಚಿತು ಅಂತಿಟ್ಟುಕೊಳ್ಳಿ, ಕೇಳಲು ದೊಡ್ಡದೇ. ಒಂದು ರೂಪಾಯಿಗೆ 283 ಲೀಟರ್ ಆಯ್ತು. ನಮ್ಮ ಕ್ಯಾನಿನ ದರದಲ್ಲಿ ಅಷ್ಟೇ ನೀರಿಗೆ ಸುಮಾರು 70 ಲಕ್ಷ 80 ಸಾವಿರ! ಕ್ಯಾನಿನ ನೀರಿಗೆ ಕರೆಂಟು, ಫಿಲ್ಟರು ಖರ್ಚಿದೆ, ಒಪ್ಪುತ್ತೇನೆ. ಕಾರ್ಖಾನೆಯವರೂ ತಮ್ಮ ಪೈಪು, ತಮ್ಮ ಪಂಪು ತಾವೇ ಹಾಕಿಕೊಂಡಿರುತ್ತಾರೆ, ಹೊಳೆ ಬತ್ತಿದಾಗ ಅವರಿಗೂ ಕಷ್ಟವೇ. ಆ ಮೂವರ ಫೈಲಿನಲ್ಲಿ ಇದೆಲ್ಲ ಇದ್ದಿರಬೇಕು. ಇರಲಿ. ಎರಡೂ ಕಡೆಯ ಲೆಕ್ಕ ಲೀಟರಿನಲ್ಲಿ ಬರಲಿ.

ಮುಂದಿನ ಬೇಸಿಗೆ ಮತ್ತೆ ಹೋದೆವು. ಈ ಸಲ ಅರ್ಜಿ ಒಂದೇ ಹಾಳೆ, ಮೇಲೊಂದು ಪಟ್ಟಿ: ಎಕರೆ, ತಿಂಗಳು, ಎಂಸಿಎಫ್‌ಟಿ, ಕ್ಯಾನು, ಎಲ್ಲವೂ ಲೀಟರಿಗೆ ಇಳಿಸಿದ್ದು. ಕೆಳಗೆ ಎರಡು ಬೇಡಿಕೆ: ದರವನ್ನು ಸಾವಿರ ಲೀಟರಿನ ಲೆಕ್ಕದಲ್ಲಿ ಪ್ರಕಟಿಸಬೇಕು; ಹೊಳೆಯಿಂದ ಎತ್ತುವ ಪ್ರತಿ ಪಂಪಿನ ಮೀಟರ್ ರೀಡಿಂಗ್ ತಿಂಗಳಿಗೊಮ್ಮೆ ಪಂಚಾಯ್ತಿ ಗೋಡೆಗೆ ಬರೆಯಬೇಕು. ಎರಡನೆಯದು ಕಾಕಾಂದು. "ದರ ಆಮ್ಯಾಲ ನೋಡಮ್ಮು, ಮೊದಲ ಅಳಿಲಿ" ಅಂದಿದ್ದರು.

ಶಾಸಕರು ಪಟ್ಟಿ ಎರಡು ಸಲ ನೋಡಿದರು. ಕ್ಯಾನಿನ ಸಾಲಿನ ಮೇಲೆ ಬೆರಳಿಟ್ಟು "ಇದು ಖರೇ ಏನು?" ಅಂದರು. ಲೆಕ್ಕ ಅಲ್ಲೇ ಮೊಬೈಲಿನಲ್ಲಿ ಮಾಡಿ ತೋರಿಸಿದೆ. ಹಾಳೆ ಮಡಚಿ ಜೇಬಿಗೆ ಇಟ್ಟುಕೊಂಡರು.

ವಾಪಸ್ ಬರುವಾಗ ಜೀಪಿನಲ್ಲಿ ಕಾಕಾ ಕೇಳಿದ್ದು ಒಂದೇ: "ಪಿಎ ಕೈಯಾಗ ಕೊಡ್ಲಿಲ್ಲ ನೋಡ್ದಿ?"