ಬ್ರಹ್ಮಗಿರಿಯ ಕಲ್ಗೋರಿಗಳು: ಅಸ್ಥಿಗೆ ಕಟ್ಟಿದ ಮನೆ

ಚಳ್ಳಕೆರೆಯ ಉತ್ತರಕ್ಕಿರುವ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಎಂದೊಡನೆ ನೆನಪಾಗುವುದು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನ. ಅದರ ನೆರೆಯಲ್ಲಿಯೇ ಇರುವ, ಅಕ್ಷರವಿಲ್ಲದ ಕಲ್ಗೋರಿಗಳೂ ಓದಬೇಕಾದ ದಾಖಲೆಗಳೇ.

ಇಲ್ಲಿಯ ನವಶಿಲಾಯುಗದ ಜನರು ಶಿಶುಗಳನ್ನು ಮಡಕೆಯಲ್ಲಿರಿಸಿ ಹೂಳುತ್ತಿದ್ದರು. ಆ ಮಡಕೆಗೆ ಮಣ್ಣೇ ರಕ್ಷೆ. ಕಬ್ಬಿಣ ಬಲ್ಲ ಮುಂದಿನವರು ಕಲ್ಲಿನ ರಕ್ಷೆಯನ್ನು ಕಟ್ಟಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಉತ್ಖನನ ಮಾಡಿದ ಗೋರಿಗಳಲ್ಲಿ ನಾಲ್ಕು ಚಪ್ಪಡಿಗಳು ಸ್ವಸ್ತಿಕದ ಮಾದರಿಯಲ್ಲಿ ಒಂದಕ್ಕೊಂದು ಆತು ನಿಂತಿವೆ. ಹೊರಮಣ್ಣಿನ ಒತ್ತಡಕ್ಕೆ ಅವು ಒಳಕ್ಕೆ ಕುಸಿಯದಿರಲೆಂಬುದೇ ಈ ಜೋಡಣೆಯ ಉಪಾಯ. ತಳಕ್ಕೊಂದು ಚಪ್ಪಡಿ, ಮೇಲೊಂದು ಮುಚ್ಚುಗಲ್ಲು, ಸುತ್ತಲೂ ಕಲ್ಲಿನ ವೃತ್ತ. ಒಳಗೆ ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಉಪಕರಣಗಳು, ಮೂಳೆಗಳು.

ಇವನ್ನು ಚಿತಾಭಸ್ಮದ ಗೂಡುಗಳೆಂದು ಭಾವಿಸಬಾರದು. ಒಳಗೆ ದೊರೆತವು ಬಿಡಿಬಿಡಿಯಾದ ಮೂಳೆಗಳು, ಅವೂ ಹಲವರವು. ಶವವು ಬೇರೆಡೆ ಕರಗಿದ ಬಳಿಕ ಅಸ್ಥಿಗಳನ್ನು ಆಯ್ದು ತಂದಿರಿಸುತ್ತಿದ್ದರೆಂಬುದು ವೀಲರ್ ಅವರ ಊಹೆ. ಚಪ್ಪಡಿಯಲ್ಲಿ ಕೊರೆದ ದುಂಡು ಕಿಂಡಿಯು ಇದಕ್ಕೆ ಒಪ್ಪುತ್ತದೆ. ಅದು ಒಮ್ಮೆ ಮುಚ್ಚಿ ಮರೆಯುವ ಪೆಟ್ಟಿಗೆಯಲ್ಲ. ಮತ್ತೊಬ್ಬರನ್ನು ಸೇರಿಸಿಕೊಳ್ಳಲು ಬಾಗಿಲಿರಿಸಿಕೊಂಡ ಮನೆ. ಕರ್ನಾಟಕದ ಹಲವೆಡೆ ಇಂಥವನ್ನು ‘ಮೋರ್ಯರ ಮನೆ’ ಎಂದು ಕರೆದ ಜನಪದರ ಮಾತು ಹುಸಿಯಲ್ಲ.

ಒಂದಕ್ಕೊಂದು ಆತುಕೊಂಡಿರುವುದೇ ಈ ಚಪ್ಪಡಿಗಳ ಬಲ, ಅದೇ ಅವುಗಳ ದೌರ್ಬಲ್ಯ ಕೂಡ. ನಿಧಿಯಾಸೆಯಿಂದಲೋ ಕಟ್ಟಡದ ಕಲ್ಲಿಗಾಗಿಯೋ ಒಂದನ್ನು ಕಿತ್ತರೆ ಉಳಿದವು ಸಡಿಲವಾಗುತ್ತವೆ. ಶಾಸನದ ಅಕ್ಷರ ಮಾಸಿದರೂ ಅದರ ಪಡಿಯಚ್ಚು ಉಳಿದೀತು. ಕೆದಕಿದ ಗೋರಿಗೆ ಪ್ರತಿಯಿಲ್ಲ.